ಪಪ್ಪನ ಹೆಸರಿನ ರಕ್ತ

ಡೊಂಬಿವಲಿಯ ನಮ್ಮ ಹೋಟೆಲಿನ ಗಲ್ಲಾದ ಹಿಂದೆ, ದೇವರ ಪಟಗಳ ಸಾಲಿನ ಕೊನೆಗೆ, ಒಂದು ಹಳದಿ ಕಾರ್ಡು ಅಂಟಿಸಿದೆ. ಅಂಗೈಯಗಲದ್ದು. ಮೇಲೆ ಪಪ್ಪನ ಹೆಸರು, ಮೂಲೆಯಲ್ಲಿ ಒಂದು ಸಂಖ್ಯೆಯ ಸ್ಟಿಕ್ಕರು, ಕೆಳಗೆ ಸಕ್ಕರೆ, ಕೊಬ್ಬು, ಇನ್ನೆರಡು ಸಾಲು. ಎಲ್ಲದರ ಮುಂದೆಯೂ 'ನಾರ್ಮಲ್' ಎಂದಿದೆ. ಗಿರಾಕಿಗಳು ಅದನ್ನು ಯಾವುದೋ ಲೈಸನ್ಸು ಎಂದುಕೊಂಡಿರಬೇಕು. ಅದನ್ನು ತಂದುಕೊಟ್ಟವಳು ನಾನು. ಅದರ ಕತೆಯನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಹೊರಟರೆ ಕೇಳುವವರು ಅರ್ಧಕ್ಕೇ ನಗಲು ಶುರುಮಾಡುತ್ತಾರೆ, ನನಗೆ ಸಿಟ್ಟು ಬರುತ್ತದೆ.

ಎರಡು ಸಾವಿರದ ಹತ್ತರ ಆಚೀಚಿನ ಮಾತು. ನಾನು ವಾಶಿಯ ಒಂದು ಕಟ್ಟಡದ ಐದನೆಯ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಸ್ಲೋ ಲೋಕಲ್, ಅಲ್ಲಿ ಇಳಿದು ವಾಶಿಯ ಗಾಡಿ. ಆ ಮಹಡಿಯ ಅರ್ಧಭಾಗಕ್ಕೆ ಇನ್ನೂ ಬಾಡಿಗೆದಾರರು ಬಂದಿರಲಿಲ್ಲ. ಗಾಜಿನ ಆಚೆಗೆ ಖಾಲಿ ಮೇಜುಗಳು, ಪ್ಲಾಸ್ಟಿಕ್ ಹೊದಿಕೆ ತೆಗೆಯದ ಕುರ್ಚಿಗಳು. ಕಿಟಕಿಯಿಂದ ಖಾಡಿ, ಊರೊಳಗೆ ಚಾಚಿದ ಸಮುದ್ರದ ತೋಳು, ಕಾಣುತ್ತಿತ್ತು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಕಪ್ಪು ಕೆಸರು ಮೈಲುಗಟ್ಟಲೆ ಬಿದ್ದಿರುತ್ತಿತ್ತು. ಮಧ್ಯಾಹ್ನ ಎರಡು ಗಂಟೆಯ ಸುಡುಬಿಸಿಲಿನಲ್ಲೂ ಅದನ್ನು ನೋಡಿದರೆ ಬೆನ್ನಿನಲ್ಲಿ ಚಳಿ ಹುಟ್ಟುತ್ತಿತ್ತು.

ನಮ್ಮದು ಸಕ್ಕರೆ ಕಾಯಿಲೆಯ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನ. ಸಾವಿರಾರು ಜನರ ರಕ್ತ, ಪ್ರತಿಯೊಬ್ಬರ ರಕ್ತದಲ್ಲೂ ಲಕ್ಷಗಟ್ಟಲೆ ಜೀನಿನ ಗುರುತುಗಳು. ಇಂಥ ಕಾಯಿಲೆಗೆ ಒಂದೇ ಜೀನನ್ನು ಹಿಡಿದು ಬಯ್ಯಲು ಬರುವುದಿಲ್ಲ. ಒಂದು ಜೀನು ತಾನಾಗಿ ಇದ್ದರೆ ಪಾಪದ್ದು, ಇನ್ನೊಂದೂ ಹಾಗೆಯೇ. ಎರಡೂ ಒಬ್ಬನ ಮೈಯಲ್ಲಿ ಸೇರಿದವೋ, ಕೆಟ್ಟಿತು. ಅಂಥ ಜೋಡಿಗಳನ್ನು ಹುಡುಕುವ ಸಾಫ್ಟ್‌ವೇರನ್ನು ನಡೆಸುವುದು ನನ್ನ ಕೆಲಸ. ಜಾತಕ ಕೂಡಿಸುವ ಭಟ್ಟರ ಹಾಗೆ ಅದು ಪ್ರತಿ ಗುರುತನ್ನೂ ಮತ್ತೊಂದರ ಪಕ್ಕ ಇಟ್ಟು ನೋಡುತ್ತಿತ್ತು. ದಿನಗಟ್ಟಲೆ ಓಡುತ್ತಿತ್ತು. ಅದಕ್ಕೆ ಬೇಸರವೆಂಬುದಿಲ್ಲ.

ಜೋಡಿ ಸಿಕ್ಕಿದ ಮೇಲೆ ಅದು ಇನ್ನೊಂದು ಕೆಲಸ ಮಾಡುತ್ತಿತ್ತು. ನನಗೆ ಅದೇ ಆಗದು. ಸಿಕ್ಕಿದ್ದು ನಿಜವೋ ಆಕಸ್ಮಿಕವೋ ಎಂದು ತಿಳಿಯಲು, ಯಾರು ರೋಗಿ, ಯಾರು ರೋಗಿಯಲ್ಲ ಎಂಬ ಪಟ್ಟಿಯನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಮತ್ತೆ ಹಂಚುತ್ತಿತ್ತು. ಸಾವಿರ ಸಲ. ಒಂದು ಸಲದ ಹಂಚಿಕೆಯಲ್ಲಿ ರೋಗಿಯಾದವನು ಮುಂದಿನದರಲ್ಲಿ ಗಟ್ಟಿಮುಟ್ಟು, ಗಟ್ಟಿಮುಟ್ಟಾಗಿದ್ದವನು ರೋಗಿ. ಪರದೆಯ ಮೇಲೆ ಎಷ್ಟನೆಯ ಸಲ ಎಂಬ ಅಂಕಿ ಮಾತ್ರ ಏರುತ್ತಿತ್ತು. ಇವರಲ್ಲಿ ಯಾರಿಗಾದರೂ ಈಗ ಊಟ ಮಾಡುವಾಗ ಮೈ ಜುಮ್ಮೆಂದಿರಬಹುದೇ ಎಂದು ನಾನು ಯೋಚಿಸುತ್ತಿದ್ದೆ. ಇಂಥದ್ದನ್ನು ಆಫೀಸಿನಲ್ಲಿ ಬಾಯಿಬಿಟ್ಟು ಹೇಳಲಿಕ್ಕಾಗುತ್ತದೆಯೇ?

ಅಧ್ಯಯನಕ್ಕೆ ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರೂ ಬೇಕಾಗಿದ್ದರು. ನನ್ನ ಮೇಲಿನವರಾಗಿದ್ದ ಮರಾಠಿ ಮ್ಯಾಡಂ, "ನಿಮ್ಮವರು ಹೋಟೆಲುಗಳಲ್ಲಿ ತುಂಬ ಇದ್ದಾರಲ್ಲ, ನೀನೇ ಹೇಳಿಸು" ಎಂದರು. ನಾನು ಪಪ್ಪನಿಗೆ ಹೇಳಿದೆ. ಪಪ್ಪ ಹತ್ತು ಹೋಟೆಲುಗಳಿಗೆ ಫೋನು ಮಾಡಿದರು. ಹೀಗೆ ಡೊಂಬಿವಲಿ, ವಿಠ್ಠಲವಾಡಿ, ಘೋಡಬಂದರ್ ರಸ್ತೆಯ ಹೋಟೆಲುಗಳ ಎದುರು ಬೆಳಿಗ್ಗೆ ಏಳಕ್ಕೆ ನಮ್ಮ ವ್ಯಾನು ನಿಂತು, ಹಸಿದ ಹೊಟ್ಟೆಯವರ ರಕ್ತ ತೆಗೆದುಕೊಂಡು ಹೋಯಿತು. ವ್ಯಾನಿನಲ್ಲಿ ಹೋಗುವ ಜನವೇ ಬೇರೆ, ನಾನು ಇರಲಿಲ್ಲ. ಲ್ಯಾಬಿನವರೂ ಕೊಡಬಹುದು ಎಂದಾಗ ನಾನೂ ವಾಶಿಯಲ್ಲಿ ಕೈ ಚಾಚಿದೆ. ವಾರದೊಳಗೆ ಎಲ್ಲರಿಗೂ ಹಳದಿ ಕಾರ್ಡು ಬಂತು.

ಹೋಟೆಲಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮ ಹೋಟೆಲುಗಳಲ್ಲಿ ಊರಿಗೆ ಹೋಗುವವನು ಬದಲಿ ಕೊಟ್ಟು ಹೋಗಬೇಕು. ಬದಲಿಯವನು ಅವನ ಹಾಸಿಗೆಯಲ್ಲಿ ಮಲಗುತ್ತಾನೆ, ಅವನ ತವಾದ ಮುಂದೆ ನಿಲ್ಲುತ್ತಾನೆ, ಹಾಜರಿ ಪುಸ್ತಕದಲ್ಲಿ ಅವನದೇ ಹೆಸರಿನ ಮುಂದೆ ಗುರುತು ಹಾಕುತ್ತಾನೆ. ಹೆಸರು ಹಾಜರಿದ್ದರೆ ಸಾಕು, ಮನುಷ್ಯ ಯಾರೆಂದು ಯಾರೂ ಕೇಳುವುದಿಲ್ಲ. ನಾನು ಇದನ್ನು ನೋಡಿಕೊಂಡೇ ಬೆಳೆದವಳು, ಆದರೂ ನನಗೆ ಹೊಳೆಯಲಿಲ್ಲ.

ಪಪ್ಪನಿಗೆ ಕಾರ್ಡು ಬಂದದ್ದೇ ಬಂದದ್ದು, ಅವರನ್ನು ಹಿಡಿಯುವವರಿಲ್ಲದಾಯಿತು. ದಿನಾ ಸಂಜೆ ಮೈಸೂರ್‌ಪಾಕಿನ ತಟ್ಟೆ ಗಲ್ಲಾಕ್ಕೇ ಬರುತ್ತಿತ್ತು. ಅಮ್ಮ ಗೊಣಗುತ್ತಿದ್ದಳು.

"ಇವರಿಗೆ ಕಾಲಲ್ಲಿ ಇರುವೆ ಹರಿದ ಹಾಗೆ ಆಗ್ತದಂತೆ ಮಾರಾಯ್ತಿ. ನಿನ್ನೆ ಒಂದು ಚಪ್ಪಲಿ ದಾರಿಯಲ್ಲೇ ಬಿಟ್ಟು ಬಂದಿದ್ದಾರೆ. ಕಾಲಿಂದ ಜಾರಿದ್ದೇ ಗೊತ್ತಾಗ್ಲಿಲ್ಲ ಅಂತಾರೆ. ಹಾಗೂ ಉಂಟಾ?"

"ನಿನ್ನ ಮಗಳ ಮಿಷಿನೇ ಪಾಸ್ ಮಾಡಿದೆ, ನಿನ್ನದೊಂದು ಕಿರಿಕಿರಿ" ಎಂದರು ಪಪ್ಪ.

ನಾನು ಅಮ್ಮನಿಗೆ, "ರಿಪೋರ್ಟ್ ಕ್ಲಿಯರ್ ಉಂಟಲ್ಲಮ್ಮ, ಸುಮ್ಮನೆ ಯಾಕೆ ತಲೆ ತಿಂತೀ?" ಎಂದೆ. ಅದನ್ನು ಹೇಳಿದ್ದು ನಾನೇ. ಒಂದು ಸಲವಲ್ಲ, ಒಂದೂವರೆ ವರ್ಷ ಹೇಳಿದೆ.

ಆ ಒಂದೂವರೆ ವರ್ಷ ಕಳೆದ ಮೇಲೆ ಎಲ್ಲರ ಗುರುತುಗಳೂ ಓದಿ ಮುಗಿದು ನಮ್ಮ ಕಂಪ್ಯೂಟರಿಗೆ ಬಂದವು. ಜೋಡಿ ಹುಡುಕುವ ಮೊದಲು ಸಾಫ್ಟ್‌ವೇರ್ ಒಂದು ಶುದ್ಧಿ ಮಾಡುತ್ತದೆ. ಯಾರಿಗೆ ಯಾರು ನೆಂಟರು ಎಂದು ನೋಡುತ್ತದೆ. ನೆಂಟರು ಹೆಚ್ಚಿದ್ದರೆ ಲೆಕ್ಕ ವಾಲುತ್ತದೆ. ಅಪರಿಚಿತರಾದರೆ ಸೊನ್ನೆ, ತಂದೆ ಮಗಳಾದರೆ ಅರ್ಧ, ಒಂದೇ ಮನುಷ್ಯನ ರಕ್ತ ಎರಡು ಸಲ ಬಂದಿದ್ದರೆ ಒಂದು. ನೆಂಟಸ್ತನ ಕಂಡ ಜೋಡಿಗಳನ್ನು ಮಾತ್ರ ಪಟ್ಟಿ ಮಾಡಿ ಕೊಡುತ್ತದೆ. ಹೆಸರುಗಳು ನಮಗೆ ಕಾಣುವುದಿಲ್ಲ, ಬರೇ ಸಂಖ್ಯೆ. ಆದರೆ ಪಪ್ಪನ ಸಂಖ್ಯೆ ದಿನಾ ಗಲ್ಲಾದ ಹಿಂದೆ ನೋಡಿ ನೋಡಿ ನನಗೆ ಬಾಯಿಪಾಠ. ನನ್ನದಂತೂ ಗೊತ್ತೇ ಇತ್ತು. ನೋಡಬಾರದು, ಆದರೂ ನಮ್ಮಿಬ್ಬರ ಸಾಲನ್ನು ಹುಡುಕಿದೆ. ಒಂದು ತಮಾಷೆ ಎಂದುಕೊಂಡೆ.

ನನ್ನ ಸಂಖ್ಯೆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಪಪ್ಪನದು ಇತ್ತು. ಎರಡು ಕಡೆ. ವಿಠ್ಠಲವಾಡಿಯ ಒಂದು ಸಂಖ್ಯೆಯ ಜೊತೆಗೆ, ಎದುರಿಗೆ ಒಂದು. ಘೋಡಬಂದರ್ ರಸ್ತೆಯ ಒಂದು ಸಂಖ್ಯೆಯ ಜೊತೆಗೆ, ಅಲ್ಲಿಯೂ ಒಂದು. ಮೂರು ಊರಿನಲ್ಲಿ ಒಂದೇ ರಕ್ತ. ವಯಸ್ಸಿನ ಕಾಲಮ್ಮು ನೋಡಿದೆ. ಡೊಂಬಿವಲಿಯಲ್ಲಿ ಆ ರಕ್ತಕ್ಕೆ ಐವತ್ತೆಂಟು, ವಿಠ್ಠಲವಾಡಿಯಲ್ಲಿ ಮೂವತ್ತೊಂದು, ಘೋಡಬಂದರ್ ರಸ್ತೆಯಲ್ಲಿ ನಲವತ್ತು ದಾಟಿತ್ತು. ಫಾರ್ಮಿನಲ್ಲಿ ಅವರವರು ಬರೆಸಿದ ಪ್ರಕಾರ ಒಂದು ಕಡೆ ರೋಗಿ, ಎರಡು ಕಡೆ ಆರೋಗ್ಯವಂತ. ನನಗೂ ಆ ರಕ್ತಕ್ಕೂ ಎಷ್ಟು ಸಂಬಂಧ ಎಂದು ಬೇರೆಯಾಗಿ ಕೇಳಿದೆ. ಸೊನ್ನೆ ಎಂದಿತು. ಮತ್ತೊಮ್ಮೆ ಕೇಳಿದೆ. ಕಂಪ್ಯೂಟರಿಗೆ ನಾಚಿಕೆ ಇಲ್ಲ, ಅದೇ ಉತ್ತರ ಕೊಟ್ಟಿತು.

ಮ್ಯಾಡಂ ಹಿಂದಿನಿಂದ ಬಂದು ಪರದೆ ನೋಡಿ, "ಅಗಂ, ಡುಪ್ಲಿಕೇಟ್ ಆಹೇ, ತಿನ್ಹೀ ಕಾಢೂನ್ ಟಾಕ್" ಎಂದರು. ಮೂರನ್ನೂ ತೆಗೆದುಹಾಕು ಎಂದು. ಟ್ಯೂಬು ಅದಲುಬದಲಾಗಿರಬೇಕು, ಇಂಥದ್ದು ಎಲ್ಲ ಅಧ್ಯಯನದಲ್ಲೂ ಆಗುತ್ತದೆ ಎಂದು ಅವರು ಚಹಾಕ್ಕೆ ಹೋದರು. ಟ್ಯೂಬು ಒಂದು ಸಲ ಅದಲುಬದಲಾದೀತು. ಮೂರು ಊರಿನಲ್ಲಿ, ಮೂರು ಬೇರೆ ದಿನ? ನಾನು ಖಾಡಿಯ ಕೆಸರನ್ನು ನೋಡುತ್ತ ಕುಳಿತೆ. ಆಚೆಗಿನ ಖಾಲಿ ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ಕು ಎಸಿಯ ಗಾಳಿಗೆ ಉಸಿರಾಡುತ್ತಿತ್ತು.

ಮುಂದಿನ ಎರಡು ವಾರ ನಾನು ಕಳ್ಳಿಯ ಹಾಗೆ ಬದುಕಿದೆ. ನನ್ನ ಮೂಗು ಪಪ್ಪನದು ಎಂದು ಊರಿಗೆ ಹೋದಾಗಲೆಲ್ಲ ಜನ ಹೇಳುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಅದು ಯಾರ ಮೂಗಾದರೂ ಆಗಬಹುದಿತ್ತು. ಲೋಕಲಿನಲ್ಲಿ ಎದುರಿಗೆ ಕುಳಿತ ಅಪರಿಚಿತ ಗಂಡಸರ ಕಿವಿ, ಹೆಬ್ಬೆರಳು ನೋಡತೊಡಗಿದೆ. ಒಬ್ಬರು ಎದ್ದು ಬೇರೆ ಸೀಟಿಗೆ ಹೋದರು.

ಒಂದು ದಿನ ಅಮ್ಮನನ್ನು ಕೇಳಿಯೇಬಿಟ್ಟೆ.

"ಅಮ್ಮ, ನಾನು ಹುಟ್ಟಿದ್ದು ಎಲ್ಲಿ?"

"ಎಲ್ಲಿ ಅಂದ್ರೆ? ಕಲ್ಯಾಣದ ಆಸ್ಪತ್ರೆಯಲ್ಲಿ. ಆವತ್ತು ಒಂದೇ ದಿನ ಎಂಟೊಂಬತ್ತು ಹೆರಿಗೆ ಮಾರಾಯ್ತಿ, ನರ್ಸುಗಳಿಗೆ ತಲೆಬುಡ ಇರ್ಲಿಲ್ಲ. ನಿನ್ನನ್ನು ತಂದು ಕೊಡೂದಕ್ಕೇ ಒಂದು ಗಂಟೆ ಮಾಡಿದ್ರು." ಅಮ್ಮ ಸೌತೆಕಾಯಿ ಕೊಚ್ಚುತ್ತಲೇ ಇದ್ದಳು. "ಈಗ ಎಂತಕ್ಕೆ ಅದೆಲ್ಲ?"

ಏನಿಲ್ಲ ಎಂದೆ. ಆ ಒಂದು ಗಂಟೆ ನನ್ನ ಎದೆಯ ಮೇಲೆ ಕುಳಿತುಬಿಟ್ಟಿತು. ಪಪ್ಪ ಮಧ್ಯಾಹ್ನ ಹೋಟೆಲಿನಿಂದ ಬಂದು ಚಾಪೆಯ ಮೇಲೆ ಮಲಗುತ್ತಿದ್ದರು. ರಜೆಯ ದಿನಗಳಲ್ಲಿ ನಾನು ಬಾಗಿಲಲ್ಲಿ ನಿಂತು ಅವರನ್ನು ನೋಡುತ್ತಿದ್ದೆ. ಬಾಯಿ ಅರ್ಧ ತೆರೆದು, ಒಂದು ಕೈ ಹೊಟ್ಟೆಯ ಮೇಲಿಟ್ಟು ಮಲಗಿದ ಈ ಮನುಷ್ಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಣಪತಿ ತೋರಿಸಲು ಕರೆದುಕೊಂಡು ಹೋದವರು. ಹಾಗೆ ಮಲಗಿರುವಾಗಲೇ ಅವರು ಇನ್ನೆರಡು ಊರಿನಲ್ಲಿ ಎದ್ದು ಓಡಾಡುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು. ನಾನು ಓದಿದವಳು, ಇದು ಹುಚ್ಚು ಎಂದು ಗೊತ್ತಿತ್ತು. ಗೊತ್ತಿದ್ದರೆ ಭಯ ಹೋಗುತ್ತದೆಯೇ?

ತಾಳಲಾರದೆ ಒಂದು ಭಾನುವಾರ ಬೆಳಿಗ್ಗೆ ವಿಠ್ಠಲವಾಡಿಗೆ ಹೋದೆ. ಅಲ್ಲಿ ನಮ್ಮ ವ್ಯಾನು ನಿಂತದ್ದು ಒಂದೇ ಹೋಟೆಲಿನ ಎದುರು, ಪಪ್ಪನ ಪರಿಚಯದವರದು. ಗಲ್ಲಾದ ಹಿಂದೆ, ದೇವರ ಪಟಗಳ ಪಕ್ಕ, ಹಳದಿ ಕಾರ್ಡು. ನಮ್ಮವರೆಲ್ಲರೂ ಅದನ್ನು ಅಲ್ಲಿಯೇ ಅಂಟಿಸಿದ್ದರೆಂದು ಕಾಣುತ್ತದೆ. ಪಟ್ಟಿಯಲ್ಲಿ ಕಂಡ ಸಂಖ್ಯೆಯೊಡನೆ ಹೋಲಿಸಿ ನೋಡಿದೆ. ಅದೇ. ಗಲ್ಲಾದಲ್ಲಿ ಕುಳಿತಿದ್ದವನು ಮೂವತ್ತರ ಆಸುಪಾಸಿನ, ಗುಂಗುರು ಕೂದಲಿನ, ದುಂಡು ಮುಖದ ಮಾಲಕ. ಪಪ್ಪನಿಗೂ ಅವನಿಗೂ ಉಗುರಿನಷ್ಟೂ ಹೋಲಿಕೆಯಿಲ್ಲ. ರಕ್ತ ಒಂದೇ, ಮುಖ ಬೇರೆ.

"ಕುಳಿತುಕೊಳ್ಳಿ ಕುಳಿತುಕೊಳ್ಳಿ, ನೀರುದೋಸೆ ತಿಂದೇ ಹೋಗ್ಬೇಕು" ಎಂದ ಅವನು. "ನಮ್ಮ ಭಟ್ರು ಊರಿಗೆ ಹೋಗಿದ್ದಾರೆ, ಬದಲಿಯವರು ಬಂದಿದ್ದಾರೆ. ಒಳ್ಳೆ ಕೈ ಉಂಟು."

ದೋಸೆ ಬಂತು. ಒಂದು ತುಂಡು ಬಾಯಿಗಿಟ್ಟದ್ದೇ ನನಗೆ ಆ ಕೈ ಗೊತ್ತಾಯಿತು. ಒಂದಿಷ್ಟು ಹೆಚ್ಚು ಉಪ್ಪು, ಮಡಿಕೆ ಮೂರು. ನಮ್ಮ ಹೋಟೆಲಿನಲ್ಲೂ ಇದೇ ದೋಸೆ ತಿಂದಿದ್ದೆ, ನಮ್ಮ ದೋಸೆಯವನು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಾಗ. ಅಡುಗೆಮನೆಯ ಕಿಂಡಿಯಲ್ಲಿ ಒಂದು ತೆಳ್ಳಗಿನ ಮುಖ ಕಾಣಿಸಿತು.

"ಅಕ್ಕ, ನೀವಾ? ಧಣಿ ಸೌಖ್ಯವಾ?"

ಅವರನ್ನು ನಾವೆಲ್ಲ ಬದಲಿಯಣ್ಣ ಎನ್ನುತ್ತಿದ್ದೆವು. ಐವತ್ತರ ಹತ್ತಿರದವರು. ಸ್ವಂತದ ಜಾಗವೆಂದು ಯಾವ ಹೋಟೆಲೂ ಇರಲಿಲ್ಲ. ವರ್ಷವಿಡೀ ಊರಿಗೆ ಹೋದವರ ಜಾಗದಲ್ಲಿ ನಿಂತು, ಅವರ ಹೆಸರಿನ ಹಾಜರಿ ತುಂಬಿ, ಅವರು ಬಂದೊಡನೆ ಚೀಲ ಹೊತ್ತು ಮುಂದಿನ ಹೋಟೆಲಿಗೆ ಹೋಗುವವರು. ನಾನು ಗೋಡೆಯ ಕಾರ್ಡನ್ನೇ ನೋಡುತ್ತಿದ್ದುದನ್ನು ಅವರು ಕಂಡರು.

"ಅದು ನನ್ನ ರಕ್ತವೇ ಅಕ್ಕ" ಎಂದರು, ಚಟ್ನಿ ಬೇಕಾ ಎಂದು ಕೇಳುವಷ್ಟೇ ಸಲೀಸಾಗಿ. "ಇವರಿಗೆ ಸೂಜಿ ಅಂದ್ರೆ ಹೆದರಿಕೆ. ನಿಮ್ಮಲ್ಲೂ ನಾನೇ ಕೊಟ್ಟದ್ದು. ಬೆಳಗ್ಗೆ ಏಳು ಗಂಟೆ, ರಶ್ಶಿನ ಹೊತ್ತು, ಧಣಿಗೆ ಗಲ್ಲಾ ಬಿಟ್ಟು ಏಳ್ಲಿಕ್ಕೆ ಆಗ್ತದಾ? ಬದಲಿ ಹೋಗಿ ಬಾ ಅಂದ್ರು. ಹೋದೆ."

"ಘೋಡಬಂದರ್ ರಸ್ತೆಯಲ್ಲಿ?"

"ಅಲ್ಲಿಯೂ ನಾನೇ. ಆ ವಾರ ಅಲ್ಲಿದ್ದೆ."

ನಾನು ನಕ್ಕೆ. ಗಲ್ಲಾದವನು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಕಣ್ಣಲ್ಲಿ ನೀರು ಬಂತು. ಇನ್ನೆರಡು ದೋಸೆ ಹಾಕಿಸಿಕೊಂಡು ತಿಂದೆ. ಆ ಒಂದು ಗಂಟೆ, ಕಲ್ಯಾಣದ ನರ್ಸುಗಳು, ಕನ್ನಡಿಯ ಮೂಗು, ಎಲ್ಲವೂ ಇಳಿದುಹೋಯಿತು. ಪಪ್ಪ ನನ್ನವರೇ. ಆ ಸಂತೋಷ ನನಗೆ ವಿಠ್ಠಲವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನವರೆಗೆ ಇತ್ತು.

ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದಾಗ ಒಬ್ಬ ಮುದುಕ ಒಂದು ಚಪ್ಪಲಿ ಬಿಚ್ಚಿ ಕಾಲು ಕೆರೆದುಕೊಂಡ. ಅಷ್ಟೇ. ಕಾರ್ಡಿನ ರಕ್ತ ಬದಲಿಯಣ್ಣನದು. ಹಾಗಾದರೆ 'ನಾರ್ಮಲ್' ಕೂಡ ಬದಲಿಯಣ್ಣನದೇ. ಪಪ್ಪನ ರಕ್ತವನ್ನು ಇದುವರೆಗೆ ಯಾರೂ ನೋಡಿಯೇ ಇಲ್ಲ. ಇರುವೆ ಹರಿಯುವ ಕಾಲು, ಬಿದ್ದದ್ದು ತಿಳಿಯದ ಚಪ್ಪಲಿ, ದಿನದ ಮೈಸೂರ್‌ಪಾಕು. ಸುಮ್ಮನೆ ಯಾಕೆ ತಲೆ ತಿಂತೀ ಎಂದು ನಾನು ಅಮ್ಮನ ಬಾಯಿ ಮುಚ್ಚಿಸಿದ್ದು. ಗಾಡಿ ಬರಲು ಹನ್ನೆರಡು ನಿಮಿಷವಿತ್ತು. ಅಷ್ಟು ಉದ್ದದ ಹನ್ನೆರಡು ನಿಮಿಷವನ್ನು ನಾನು ಮತ್ತೆ ಕಂಡಿಲ್ಲ.

ಮನೆಗೆ ಬಂದಾಗ ಪಪ್ಪ ಊಟ ಮಾಡಿ ಚಾಪೆಯ ಮೇಲೆ ಮಲಗಿದ್ದರು. ಅಂಗಾಲುಗಳು ಬಾಗಿಲಿನ ಕಡೆಗಿದ್ದವು. ಬಗ್ಗಿ ನೋಡಿದೆ. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಹೋಟೆಲಿನ ಹಲ್ಲುಕಡ್ಡಿಯೊಂದು ಮುರಿದು ಅರ್ಧ ಒಳಗೆ ಹೋಗಿತ್ತು. ಸುತ್ತ ಕಪ್ಪಗಾಗಿತ್ತು. ಒಂದು ಬಗೆಯ ಸಿಹಿ ವಾಸನೆ. ಬೆರಳಿನಿಂದ ಮುಟ್ಟಿದೆ, ಅವರು ಮಿಸುಕಲಿಲ್ಲ. ಒತ್ತಿದೆ. ಗೊರಕೆ ಹಾಗೆಯೇ ನಡೆದಿತ್ತು. ಕಾಲು ಒಂದು ಕಡೆ, ಪಪ್ಪ ಇನ್ನೊಂದು ಕಡೆ ಮಲಗಿದ್ದಾರೆ ಎನ್ನಿಸಿ ನಾನು ಕಿರುಚಿದೆ. ಆಗ ಎದ್ದರು.

"ಎಂತ? ಎಂತಾಯ್ತು ಮಗಾ?"

"ಪಪ್ಪ, ಆವತ್ತು ವ್ಯಾನಿನಲ್ಲಿ ರಕ್ತ ಕೊಟ್ಟದ್ದು ನೀವಾ?"

ಅವರು ಕಣ್ಣುಜ್ಜಿಕೊಂಡರು. ಮಗಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ಮುಖ. "ನಾನು ಕೊಡಿಸಿದ್ದು. ನಿನಗೆ ಇಪ್ಪತ್ತು ಜನ ಬೇಕು ಅಂದಿದ್ದಿ, ಇಪ್ಪತ್ತು ಹೆಸರು ಸರಿಯಾಗಿ ತುಂಬಿಸಿ ಕೊಟ್ಟಿದ್ದೇನಲ್ಲ. ಒಂದಾದ್ರೂ ಕಮ್ಮಿ ಬಂತಾ?"

ನನಗೆ ಬಂದ ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆ. ಜೀವಮಾನವೆಲ್ಲ ಹೆಸರು ಹಾಜರಿದ್ದರೆ ಸಾಕೆಂದು ಹೋಟೆಲು ನಡೆಸಿದವರಿಗೆ, ಇಲ್ಲಿ ನೀವೇ ಬರಬೇಕು, ನಿಮ್ಮ ಕೈಯೇ ಬೇಕು ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಹೇಳಬೇಕೆಂದೇ ತೋಚಿರಲಿಲ್ಲ.

ಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರು ಸಕ್ಕರೆಯ ಅಂಕಿ ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರು. ಅಮ್ಮ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಮೊದಲು ಎರಡು ಬೆರಳು ತೆಗೆದರು, ಹತ್ತು ದಿನದ ಮೇಲೆ ಅರ್ಧ ಪಾದ. ಇಲ್ಲದ ಬೆರಳುಗಳಲ್ಲಿ ಈಗ ಸರಿಯಾಗಿ ನೋವು ಗೊತ್ತಾಗುತ್ತದೆ ಎಂದು ಪಪ್ಪ ಆಶ್ಚರ್ಯಪಡುತ್ತಿದ್ದರು. ಇರುವಾಗ ಗೊತ್ತಾಗದ್ದು ಹೋದ ಮೇಲೆ ಗೊತ್ತಾಗುತ್ತಿತ್ತು. ಹೊದಿಕೆಯ ಕೆಳಗೆ ಏನೂ ಇಲ್ಲದ ಜಾಗವನ್ನು ಕೆರೆ ಎಂದು ನನಗೆ ಹೇಳುತ್ತಿದ್ದರು. ನಾನು ಕೆರೆಯುತ್ತಿದ್ದೆ.

ಮ್ಯಾಡಮ್ಮಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಸಂಬಂಧಪಟ್ಟವರಿಗೆ ಬರೆದರು. ಮೂರು ಹೆಸರಿನವರಿಗೂ ವಿಷಯ ತಿಳಿಸಿ, ಅವರವರ ಕೈಯಿಂದಲೇ ಹೊಸದಾಗಿ ರಕ್ತ ತೆಗೆದರು. ಉಳಿದ ಇಬ್ಬರಿಗೆ ಹೊಸ ಕಾರ್ಡು ಬಂತು, ನಮ್ಮ ಮನೆಗೆ ಆಸ್ಪತ್ರೆಯ ಫೈಲೇ ಬಂದಿತ್ತು. ಹಳೆಯ ಮೂರು ಸಂಖ್ಯೆಗಳನ್ನು ತೆಗೆದುಹಾಕಿದ್ದು ನಾನೇ. ಬದಲಿಯಣ್ಣನ ಹೆಸರಿನ ಫಾರ್ಮು ಎಲ್ಲಿಯೂ ಇರಲಿಲ್ಲ. ಮೂರು ಸಲ ರಕ್ತ ಕೊಟ್ಟ ಮನುಷ್ಯ ಅಧ್ಯಯನದಲ್ಲಿ ಒಂದು ಸಲವೂ ಇಲ್ಲದಾದರು. ಕೆಲವು ತಿಂಗಳ ಮೇಲೆ ಹೊಸ ಪಟ್ಟಿ ಓಡಿಸಿದೆ. ನನ್ನ ಸಂಖ್ಯೆ, ಪಪ್ಪನ ಹೊಸ ಸಂಖ್ಯೆ, ಎದುರಿಗೆ ಅರ್ಧ. ನಾನು ಅದನ್ನು ಬಹಳ ಹೊತ್ತು ನೋಡಿದೆ. ಸಾಫ್ಟ್‌ವೇರ್ ಆ ಸಲ ಕಂಡುಹಿಡಿದ ಕೆಟ್ಟ ಜೋಡಿ ಪಪ್ಪನಲ್ಲಿ ಇದೆಯೇ, ಇದ್ದರೆ ನನ್ನ ಪಾಲಿನ ಅರ್ಧದಲ್ಲಿ ಏನು ಬಂದಿದೆ ಎಂಬ ಸಾಲನ್ನು ತೆರೆಯಲಿಲ್ಲ. ಇವತ್ತಿಗೂ ತೆರೆದಿಲ್ಲ.

ಸಂಜೆ ಪಪ್ಪ, "ಮಿಷಿನ್ ಎಂತ ಹೇಳ್ತದೆ?" ಎಂದು ಕೇಳಿದರು.

"ನಾನು ನಿಮ್ಮ ಮಗಳು ಅಂತ."

"ಅದಕ್ಕೆ ಮಿಷಿನ್ ಬೇಕಿತ್ತಾ?" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಪಪ್ಪ ಏಳಲಾರದ ಆ ದಿನಗಳಲ್ಲಿ ಗಲ್ಲಾದಲ್ಲಿ ಕೂರಲು ಬದಲಿಯಣ್ಣನೇ ಬಂದಿದ್ದರು. ಕಾರ್ಡು ಕೀಳಬೇಕೆಂದು ನಾನು ಹೋದಾಗ ಅವರು ಪಪ್ಪನ ಕುರ್ಚಿಯಲ್ಲಿ, ಪಪ್ಪನ ಹಾಗೆಯೇ ಒಂದು ಕಾಲು ಮಡಚಿ ಕುಳಿತಿದ್ದರು. ತಲೆಯ ಹಿಂದೆ ದೇವರ ಪಟಗಳು, ಪಟಗಳ ಕೊನೆಗೆ ಅವರ ರಕ್ತ. ಆ ಹೊತ್ತಿಗೆ ಆ ಕಾರ್ಡಿನಲ್ಲಿ ಒಂದೇ ಒಂದು ತಪ್ಪು ಉಳಿದಿತ್ತು, ಹೆಸರು. ಒಳಗೆ ಹೋಗಿ ಕಾರ್ಡಿನ ಮೂಲೆಗೆ ಉಗುರು ಹಾಕಿದೆ.

"ಕೀಳ್ಬೇಡಿ ಅಕ್ಕ" ಎಂದರು. "ನನ್ನದು ಅಂತ ಇರುವ ಕಾಗದ ಅದೊಂದೇ."

ನಿಮ್ಮ ಹೆಸರನ್ನೇ ಬರೆದುಕೊಡುತ್ತೇನೆ ಎಂದು ಪೆನ್ನು ತೆಗೆದೆ. ಆಗ ತಿಳಿಯಿತು, ಇಷ್ಟು ವರ್ಷದಲ್ಲಿ ಅವರ ಹೆಸರು ನನಗೆ ಗೊತ್ತೇ ಇಲ್ಲ. ಕೇಳಿದೆ, ಹೇಳಿದರು. ಪಪ್ಪನ ಹೆಸರನ್ನು ಹೊಡೆದುಹಾಕಲು ಪೆನ್ನು ಊರಿದಾಗ ಅವರು ನನ್ನ ಕೈ ಹಿಡಿದರು.

"ಹೊಡೀಬೇಡಿ. ಧಣಿ ಇದ್ದಾರಲ್ಲ. ಕೆಳಗೆ ಬರೀರಿ."

ಕೆಳಗೆ, ಸಣ್ಣ ಅಕ್ಷರದಲ್ಲಿ ಬರೆದೆ. ಪೆನ್ನಿನ ಶಾಯಿ ಅಡುಗೆಮನೆಯ ಆವಿಗೆ ಒಂದೆರಡು ವರ್ಷದಲ್ಲಿ ಮಾಸಿಹೋಯಿತು. ಪಪ್ಪ ಹೋದದ್ದೂ ಅಷ್ಟರಲ್ಲೇ. ಕಾರ್ಡಿನ ಮೇಲೆ ಈಗ ಅಚ್ಚಾದ ಪಪ್ಪನ ಹೆಸರು ಮಾತ್ರ ಓದಲು ಬರುತ್ತದೆ, ಮತ್ತು ಅದರ ಕೆಳಗೆ, ನಾಲ್ಕೂ ಸಾಲಿನ ಮುಂದೆ, ನಾರ್ಮಲ್ ಎಂದು.